ಪುಡಿ ನುಂಗಿದವರಿಗಷ್ಟೇ ಕವಡೆ

ಮೊಮ್ಮಗಳು ರಜೆಗೆ ಬಂದರೆ ಕೈಯಲ್ಲಿ ಫೋನು, ಫೋನಿನಲ್ಲಿ ಆಟ. ಗೆಳತಿಯರ ಜೊತೆ ಮಾತಿಗೆ ಕೂತರೆ ಅವಳ ಮೊದಲ ಪ್ರಶ್ನೆಯೇ "ಈಗ ಯಾವ ಗೇಮ್ ಆಡಾಕತ್ತೀ?" ಆಮೇಲೆ ಅರ್ಧ ಗಂಟೆ ಅದರದೇ ವಿಮರ್ಶೆ. ಇದರ ಚಿತ್ರ ಚೆಂದ, ಆಟದಲ್ಲಿ ದಮ್ಮಿಲ್ಲ. ಅದು ಮೊದಮೊದಲು ಬೇಸರ, ಹತ್ತನೆಯ ಹಂತ ದಾಟಿದರೆ ಬಿಡಲು ಮನಸ್ಸಾಗುವುದಿಲ್ಲ. ಮನೆಯವರೆಲ್ಲ ಅವಳನ್ನು ಬಯ್ಯುತ್ತಾರೆ, ನಾನು ಬಯ್ಯುವುದಿಲ್ಲ. ಹೋದ ಸಲ ಬಂದಾಗ ನನಗೂ ಒಂದು ಆಟ ತೋರಿಸಿದಳು.

"ಆಯಿ, ಇದರಾಗ ಮೂರು ಜೀವ ಇರ್ತಾವ. ಒಂದು ಹೋದ್ರ ಇನ್ನೊಂದರಿಂದ ಆಡಬಹುದು."

"ನನಗ ಒಂದ ಇತ್ತವ್ವ," ಅಂದೆ. "ಅದನ್ನೂ ಕಸಗೊಂಡು ಬರಬೇಕಾತು."

ಅವಳು ಫೋನು ಕೆಳಗಿಟ್ಟಳು. ಅವಳಿಗೆ ಹೇಳಿದ್ದನ್ನೇ ಈಗ ಬರೆಯುತ್ತಿದ್ದೇನೆ. ಎಲ್ಲೋ ಒಂದು ದವಾಖಾನೆಯಲ್ಲಿ ಈಗಲೂ ಯಾರೋ ಒಬ್ಬಳು ತನ್ನ ಊಟದ ತಾಟು ಬೇರೆ ಇಡಿಸಿಕೊಂಡು ಕೂತಿರಬಹುದು. ಅವಳ ಕೈಗೆ ಇದು ಸಿಗಲಿ.

ಎಪ್ಪತ್ತರ ದಶಕದ ಮಾತು. ನನಗೆ ಇಪ್ಪತ್ಮೂರು ವರ್ಷ. ತವರು ಇಂಡಿ, ಗಂಡನ ಮನೆ ಸಿಂದಗಿ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಗಂಡ ಬಸ್ ಸ್ಟ್ಯಾಂಡಿನ ಎದುರು ಸೈಕಲ್ ಅಂಗಡಿ ಇಟ್ಟಿದ್ದರು, ಮನೆಯೊಳಗೆ ಅತ್ತೆಯದೇ ಕಾರಭಾರ. ದಸರೆಗೆ ಹತ್ತಿದ ಕೆಮ್ಮು ದೀಪಾವಳಿ ಬಂದರೂ ಹೋಗಲಿಲ್ಲ. ಒಂದು ಮುಂಜಾನೆ ರೊಟ್ಟಿ ಬಡಿಯುವಾಗ ಕೆಮ್ಮು ಒತ್ತಿ ಬಂತು. ಸೆರಗು ಬಾಯಿಗೆ ಹಿಡಿದೆ. ತೆಗೆದು ನೋಡಿದರೆ ಸೆರಗಿನ ಮೇಲೆ ಕೆಂಪು. ಆಗ ನಾನು ಮೊದಲು ಮಾಡಿದ ಕೆಲಸ, ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದ್ದು. ರೊಟ್ಟಿ ಹೊತ್ತಿದರೆ ಅತ್ತೆ ಬಯ್ಯುತ್ತಾರೆ ಎಂಬ ಹೆದರಿಕೆ ಸಾವಿನ ಹೆದರಿಕೆಗಿಂತ ದೊಡ್ಡದಾಗಿತ್ತು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ವಿಜಾಪುರಕ್ಕೆ ಕರೆದುಕೊಂಡು ಹೋದರು. ಎದೆಯ ಫೋಟೋ ತೆಗೆದರು. ಗೋಡೆಗೆ ಹಾಕಿದ್ದ ಉದ್ದ ಬೆಂಚಿನ ಮೇಲೆ ನಾವು ಹತ್ತು ಹನ್ನೆರಡು ಮಂದಿ ಕೂತಿದ್ದೆವು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ, ಕೆಮ್ಮು ಬಂದವರು ನುಂಗಿಕೊಳ್ಳುತ್ತಿದ್ದರು. ನನ್ನ ಹೆಸರು ಕೂಗಿದರು. ಡಾಕ್ಟರು ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ನನ್ನನ್ನು ಅಲ್ಲೇ ಬಿಟ್ಟು ಗಂಡನನ್ನು ಮಾತ್ರ ಹೊರಗೆ ಕರೆದುಕೊಂಡು ಹೋದರು. ಬಾಗಿಲ ಸಂದಿಯಿಂದ ನೋಡಿದೆ. ಇವರ ಭುಜ ಇಳಿದುಹೋಗಿದ್ದವು. ಎದ್ದು ಹೋಗಿ ಇಬ್ಬರ ನಡುವೆ ನಿಂತೆ.

"ಎದಿ ನಂದ್ರಿ ಡಾಕ್ಟರ. ಏನ್ ಐತಿ ನನಗ ಹೇಳ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. "ಟೀಬಿ ಐತಿ ತಂಗಿ. ಎಡಗಡೆ ತೂತು ಬಿದ್ದೈತಿ. ವಾಸಿ ಆಗ್ತೈತಿ, ಆದ್ರ ತಿಂಗಳುಗಟ್ಟಲೆ ಇಲ್ಲೇ ಇರಬೇಕಾಗ್ತದ."

ವಾಸಿ ಆಗುತ್ತದೆ ಎಂಬ ಮಾತು ನನ್ನ ಕಿವಿಗೆ ಮಾತ್ರ ಬಿತ್ತೆಂದು ಕಾಣುತ್ತದೆ. ಇವರಿಗೆ ಬಿದ್ದಿದ್ದರೆ ಮನೆಗೆ ಹೋಗಿ ಅದನ್ನೂ ಹೇಳುತ್ತಿದ್ದರು. ಇವರು ಮುಂಚೆಯೇ ಹೋಗಿ ಸುದ್ದಿ ಮುಟ್ಟಿಸಿದ್ದರು. ಮರುದಿನ ಬಟ್ಟೆ ತೆಗೆದುಕೊಳ್ಳಲು ನಾನು ಸಿಂದಗಿಗೆ ಬಂದಾಗ ಅತ್ತೆ ನನ್ನ ಹಾಸಿಗೆಯನ್ನು ಆಗಲೇ ಹಿತ್ತಲಿಗೆ ಎಸೆದಾಗಿತ್ತು. ನಾನು ಉಣ್ಣುವ ಹಿತ್ತಾಳೆ ತಾಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚಿಗೆ ಮೊಳೆಯಿಂದ ಅಡ್ಡಗೀಟು ಹಾಕುತ್ತಿದ್ದರು. ಲೋಟಕ್ಕೂ ಅದೇ ಗುರುತು. ಮುಗಿಸಿ ಎರಡನ್ನೂ ಪಡಸಾಲೆಯ ಗೂಡಿನಲ್ಲಿ, ಉಳಿದ ಭಾಂಡೆಗಳಿಂದ ದೂರ ಇಟ್ಟರು. ಮನೆಯ ಕವಡೆ ಚೀಲವನ್ನು ನಾನು ಮುಟ್ಟಿದ್ದೆನೆಂದು ಬಾವಿಗೆ ಹಾಕಿದರು. ನಮ್ಮ ಅತ್ತೆ ಚೌಕಾಬಾರಾ ಆಡುವುದರಲ್ಲಿ ಓಣಿಗೇ ಹೆಸರಾದವರು, ಆ ಕವಡೆ ಅವರ ತವರಿನವು. ಅವರು ಅವನ್ನೇ ಬಾವಿಗೆ ಹಾಕಿದಾಗ, ನನ್ನನ್ನು ಎಲ್ಲಿಗೆ ಹಾಕಿದ್ದಾರೆ ಎಂಬುದು ನನಗೆ ತಿಳಿಯಿತು.

ದವಾಖಾನೆಯ ಹೆಂಗಸರ ವಾರ್ಡಿಗೆ ಹೋದ ಮೊದಲ ದಿನ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಪಕ್ಕದ ಮಂಚದಿಂದ ಒಂದು ದನಿ ಬಂತು.

"ಯಾವ ಆಟ ಬರ್ತೈತಿ ನಿನಗ?"

ಎಷ್ಟು ದಿನದಿಂದ ಕೆಮ್ಮು, ರಕ್ತ ಬಿತ್ತೇ, ಮನೆಯವರು ಯಾರು, ಯಾವುದನ್ನೂ ಕೇಳಲಿಲ್ಲ. ಹೊರಳಿ ನೋಡಿದೆ. ಕಡ್ಡಿಯ ಹಾಗಿದ್ದ ಒಬ್ಬ ಹೆಂಗಸು ಕಾಲು ಮಡಚಿ ಕೂತಿದ್ದರು. ಬಸವನ ಬಾಗೇವಾಡಿಯ ಗಂಗಕ್ಕ. ಎರಡು ವರ್ಷದಿಂದ ಅಲ್ಲಿದ್ದರು. ಅವರನ್ನು ನೋಡಲು ಯಾರೂ ಬರುತ್ತಿರಲಿಲ್ಲ.

"ಚೌಕಾಬಾರಾ," ಅಂದೆ.

"ಹಂಗಂದ್ರ ಮನಷ್ಯಾಳ ಅದಿ. ಏಳು."

ಆ ವಾರ್ಡಿನಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಆಟ, ಪ್ರತಿಯೊಂದು ಆಟದ ಬಗ್ಗೆ ಒಂದೊಂದು ಅಭಿಪ್ರಾಯ. ಗಂಗಕ್ಕನ ಮಟ್ಟಿಗೆ ಚೌಕಾಬಾರಾ ಬಿಟ್ಟರೆ ಉಳಿದದ್ದೆಲ್ಲ ಹೊತ್ತು ಕಳೆಯುವ ಕೆಲಸ. ಎದುರು ಮಂಚದ ಸುಶೀಲಾಬಾಯಿ ಚಡಚಣದ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು. ಮನೆಯಲ್ಲಿ ಮರಾಠಿ, ಸಾಲಿಯಲ್ಲಿ ಕನ್ನಡ, ದಿಂಬಿನ ಕೆಳಗೆ ಇಸ್ಪೀಟು. ಅವರಿಗೆ ಬದಾಮ ಸಾತ್ ಒಂದೇ ಆಟ. ಆಟೀನು ಏಳರಿಂದ ಶುರುಮಾಡಿ ಎಲೆಗಳನ್ನು ಸಾಲಾಗಿ ಇಳಿಸುತ್ತ ಹೋಗುವುದು, ಎದುರಿನವರಿಗೆ ಬೇಕಾದ ಎಲೆಯನ್ನು ಕೈಯಲ್ಲೇ ಅದುಮಿಟ್ಟುಕೊಂಡು ಸತಾಯಿಸುವುದು.

"ಕವಡಿ ಆಟದಾಗ ಬುದ್ಧಿ ಏನ್ ಐತ್ರಿ?" ಎಂದು ಅಕ್ಕೋರು ಮೂಗು ಮುರಿಯುತ್ತಿದ್ದರು. "ಬಿದ್ದದ್ದು ಬಿತ್ತು, ನಡಸಿದ್ದು ನಡಸಿದ್ರಿ."

"ನಿಮ್ಮ ಎಲಿ ಆಟದಾಗ ಏನ್ ಐತ್ರಿ ಅಕ್ಕೋರ? ಇದ್ದದ್ದನ್ನ ಮುಚ್ಚಿಟಗೊಂಡು ಕೂಡೂದು. ಅದನ್ನ ನಮ್ಮ ಮನಿ ಮಂದಿ ಜಡ್ಡಿನ ವಿಷಯದಾಗ ಎರಡು ವರ್ಷದಿಂದ ಮಾಡಾಕತ್ತಾರ," ಎಂದು ಗಂಗಕ್ಕ ತಿರುಗಿಸಿ ಕೊಡುತ್ತಿದ್ದರು.

ಮುದ್ದೇಬಿಹಾಳದಿಂದ ಬಂದ ಒಬ್ಬ ಹುಡುಗಿ ಹುಲಿ-ಕುರಿ ಆಟದವಳು. ಅದರಲ್ಲಿ ಅದೃಷ್ಟದ ಹಂಗಿಲ್ಲ ಎಂದು ಅವಳ ವಾದ. ಗಂಗಕ್ಕ ಅವಳ ಬಾಯಿಯನ್ನೂ ಮುಚ್ಚಿಸಿದರು. "ಅದೃಷ್ಟ ಕೆಟ್ಟದ್ದಕ್ಕ ಇಲ್ಲಿ ಬಂದೀವಿ. ಕವಡಿ ಒಂದ ನೋಡು, ದಿನಾ ಬ್ಯಾರೆ ಬ್ಯಾರೆ ಬೀಳ್ತಾವ."

ನಮ್ಮ ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಬೇಕು. ನೆಲದ ಮೇಲೆ ಐದು ಸಾಲು, ಸಾಲಿಗೆ ಐದು ಮನೆ. ನಾಲ್ಕು ದಿಕ್ಕಿನ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಅಡ್ಡಗೀಟು ಹಾಕಿರುತ್ತಾರೆ. ನಾಲ್ಕು ಕವಡೆ ಚೆಲ್ಲಿ, ಬಿದ್ದಷ್ಟು ಮನೆ ಕಾಯಿ ನಡೆಸಬೇಕು. ದಾರಿಯಲ್ಲಿ ಎದುರಿನವರ ಕಾಯಿ ಸಿಕ್ಕರೆ ಹೊಡೆಯಬಹುದು, ಹೊಡೆಸಿಕೊಂಡ ಕಾಯಿ ಮೊದಲಿನಿಂದ ಹೊರಡಬೇಕು. ಗೀಟಿನ ಮನೆಯಲ್ಲಿ ಕೂತ ಕಾಯಿಯನ್ನು ಮಾತ್ರ ಯಾರೂ ಹೊಡೆಯುವಂತಿಲ್ಲ.

ವಾರ್ಡಿನ ಸಿಸ್ಟರ್ ಮಂಗಳೂರು ಕಡೆಯವರು. ವರಾಂಡದ ಕಲ್ಲಿನ ಮೇಲೆ ನಾವು ಇದ್ದಿಲಿನಿಂದ ಬರೆದ ಮನೆಗಳನ್ನು ಕಂಡು ಗಂಗಕ್ಕನ ಕವಡೆ ಕಸಿದುಕೊಂಡು ಹೋದರು. ಡಾಕ್ಟರು ನಮಗೆ ಪೂರ್ತಿ ವಿಶ್ರಾಂತಿ ಬರೆದಿದ್ದರಂತೆ. ವಿಶ್ರಾಂತಿ ಎಂದರೆ ಮಲಗಿಕೊಂಡು ಸಾಯುವುದರ ಬಗ್ಗೆ ಯೋಚಿಸುವುದು ಎಂದು ಆ ಡಾಕ್ಟರಿಗೆ ಯಾರೂ ಹೇಳಿರಲಿಲ್ಲ. ಅದೇ ವಾರ ನಾನು ಔಷಧದ ಪುಡಿಯನ್ನು ಹೂವಿನ ಕುಂಡಕ್ಕೆ ಸುರಿಯುವುದನ್ನೂ ಸಿಸ್ಟರ್ ಹಿಡಿದರು. ಆ ಪುಡಿಯ ರುಚಿ ಇಂದಿಗೂ ಮರೆತಿಲ್ಲ. ದಿನಕ್ಕೆ ಮೂರು ಸಲ ಹಿಡಿ ಹಿಡಿ ನುಂಗಬೇಕು, ನುಂಗಿದ ಮೇಲೆ ಅನ್ನದ ಮುಖ ನೋಡಲಾಗುವುದಿಲ್ಲ. ಜೊತೆಗೆ ದಿನವೂ ಕುಂಡಿಗೆ ಸೂಜಿ. ಸೂಜಿಯಿಂದ ತಲೆ ತಿರುಗುತ್ತಿತ್ತು, ಕಿವಿಯಲ್ಲಿ ಸಿಳ್ಳು ಹೊಡೆದ ಹಾಗೆ ಆಗುತ್ತಿತ್ತು.

ಸಿಸ್ಟರ್ ಬಯ್ಯಲಿಲ್ಲ. ಮರುದಿನ ಡೆಟಾಲಿನಲ್ಲಿ ತೊಳೆದ ನಾಲ್ಕು ಕವಡೆಗಳನ್ನು ಒಂದು ಬಟ್ಟಲಲ್ಲಿ ಹಿಡಿದುಕೊಂಡು ಬಂದರು.

"ನನ್ನ ಕಣ್ಣ ಮುಂದೆ ಪುಡಿ ನುಂಗಿದವರಿಗೆ ಮಾತ್ರ ಇದು ಸಿಗುವುದು. ನುಂಗದವರು ಗೋಡೆ ನೋಡುತ್ತಾ ಮಲಗಿ."

ಹೀಗೆ ಶುರುವಾಯಿತು. ಮೂರು ಹೊತ್ತು ಪುಡಿ, ಮೂರು ಹೊತ್ತು ಆಟ. ಅಕ್ಕೋರು ಕೂಡ ನಾಚಿಕೆ ಬಿಟ್ಟು ಸರದಿಯಲ್ಲಿ ನಿಂತರು. ಪುಡಿ ಗಂಟಲಲ್ಲಿ ಸಿಕ್ಕಿಕೊಂಡಾಗ ಗಂಗಕ್ಕ ಕವಡೆ ಕುಲುಕಿ ಸದ್ದು ಮಾಡುತ್ತಿದ್ದರು, ಕಣ್ಣು ಮುಚ್ಚಿ ನುಂಗಿಬಿಡುತ್ತಿದ್ದೆ. ಔಷಧಿಯಿಂದಲೇ ಉಳಿದೆ, ಅದರಲ್ಲಿ ಎರಡು ಮಾತಿಲ್ಲ. ಆ ಔಷಧಿಯನ್ನು ನನ್ನ ಹೊಟ್ಟೆಗೆ ಇಳಿಸಿದ್ದು ಮಾತ್ರ ಕವಡೆ.

ಗಂಡ ಮೊದಮೊದಲು ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದರು. ಕಿಟಕಿಯ ಆಚೆ ನಿಂತು, ಕರವಸ್ತ್ರ ಮೂಗಿಗೆ ಹಿಡಿದು, ಅಂಗಡಿಯ ಸುದ್ದಿ ಹೇಳುತ್ತಿದ್ದರು. ಬರುವುದು ತಿಂಗಳಿಗೊಮ್ಮೆ ಆಯಿತು. ಬೇಸಿಗೆ ಮುಗಿಯುವ ಹೊತ್ತಿಗೆ ಒಂದು ದಿನ ಬಂದವರು ಕಿಟಕಿಯ ಸರಳನ್ನು ಸುಮ್ಮನೆ ಉಗುರಿನಿಂದ ಕೆರೆಯುತ್ತ ನಿಂತರು.

"ಏನ್ ಹೇಳೂದದ ಹೇಳಿಬಿಡ್ರಿ."

"ಅವ್ವ ಒಂದು ಹುಡಿಗಿ ನೋಡ್ಯಾಳ. ಶ್ರಾವಣ ಮುಗದ ಮ್ಯಾಲ ಮಾತಾಡೂಣು ಅಂತಾಳ. ನಾ ಇನ್ನೂ ಹೂಂ ಅಂದಿಲ್ಲ."

"ಉಹೂಂ ಅಂದೀರೇನು?"

ಕರವಸ್ತ್ರದ ಮೇಲೆ ಕಾಣುತ್ತಿದ್ದ ಕಣ್ಣು ತುಂಬಿದ್ದವು. ನನಗೆ ಅಳು ಬರಲಿಲ್ಲ, ಕೆಂಡದಂಥ ಸಿಟ್ಟು ಬಂತು. "ನಾ ಇನ್ನೂ ಸತ್ತಿಲ್ಲ ಅಂತ ನಿಮ್ಮವ್ವಗ ಹೇಳ್ರಿ. ನಿಮಗೂ ನೀವ ಹೇಳ್ಕೋರಿ," ಅಂದು ಹೊರಳಿ ಬಂದೆ. ಮಂಚಕ್ಕೆ ಬಂದು ಗೋಡೆಗೆ ಮುಖ ಮಾಡಿ ಮಲಗಿದೆ. ಗಂಗಕ್ಕ ನನ್ನ ಬೆನ್ನಿನ ಮೇಲೆ ಕೈ ಇಟ್ಟು ಪಕ್ಕದಲ್ಲಿ ಕೂತರು. ಮನೆಯಿಂದ ಬಂದ ಮೇಲೆ ನನ್ನನ್ನು ಹಾಗೆ ಮುಟ್ಟಿದವರು ಅವರೊಬ್ಬರೇ.

ಆಷಾಢದಲ್ಲಿ ಗಂಗಕ್ಕ ಹೋದರು. ನನಗಿಂತ ಚೆನ್ನಾಗಿ ಪುಡಿ ನುಂಗಿದವರು, ಆದರೆ ಅವರ ಎರಡೂ ಕಡೆ ಮೊದಲೇ ತಿಂದುಹೋಗಿತ್ತು. ಹೋಗುವ ಮುಂಚಿನ ಮಧ್ಯಾಹ್ನ ಕವಡೆಗಳನ್ನು ನನ್ನ ಸೆರಗಿನ ತುದಿಗೆ ತಾವೇ ಗಂಟು ಹಾಕಿದರು. "ಇವನ್ನ ತಗೊಂಡು ನಿನ್ನ ಮನಿಗೆ ಹೋಗು. ತವರಿಗಲ್ಲ, ನಿನ್ನ ಮನಿಗೆ," ಅಂದರು. ಬಾಗೇವಾಡಿಯಿಂದ ಯಾರೂ ಬರಲಿಲ್ಲ. ನಾವು ಐದಾರು ಹೆಂಗಸರು ಬಾಗಿಲವರೆಗೆ ಅವರ ಜೊತೆ ನಡೆದು ಹೋದೆವು, ಅದಕ್ಕಿಂತ ಮುಂದೆ ನಮ್ಮನ್ನು ಬಿಡುತ್ತಿರಲಿಲ್ಲ.

ಶ್ರಾವಣ ಬಂತು. ನನ್ನ ಕಫದಲ್ಲಿ ರೋಗಾಣು ಇಲ್ಲ, ಎದೆಯ ತೂತು ಮುಚ್ಚಿದೆ, ಮನೆಗೆ ಹೋಗಬಹುದು, ಗುಳಿಗೆ ಮಾತ್ರ ಬಿಡಬಾರದು ಎಂದು ಡಾಕ್ಟರು ಚೀಟಿ ಬರೆದು ಕೊಟ್ಟರು. ಎರಡು ದಿನಕ್ಕೆ ಅಣ್ಣ ಕರೆಯಲು ಬಂದ. ಸಿಂದಗಿಯಿಂದ ಅತ್ತೆ ಅವನಿಗೆ ಹೇಳಿ ಕಳಿಸಿದ್ದರು, ಹೇಗಿದ್ದರೂ ಪಂಚಮಿ ಬಂದಿದೆ, ತವರಿನಲ್ಲಿ ಹಬ್ಬ ಮಾಡಿಕೊಂಡು ಆರಾಮ ಇರಲಿ ಎಂದು. ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆಸುವುದು ವಾಡಿಕೆ. ಉಂಡಿ, ಜೋಕಾಲಿ, ಅಣ್ಣತಮ್ಮಂದಿರ ಉಪಚಾರ. ಆ ವಾಡಿಕೆಯ ಹೆಸರಿನಲ್ಲಿ ನನ್ನನ್ನು ಶಾಶ್ವತವಾಗಿ ಸಾಗಹಾಕುವ ಉಪಾಯ ಅದು. ಎಷ್ಟು ಮರ್ಯಾದೆಯಿಂದ ಮಾಡಿದ್ದರೆಂದರೆ ಯಾರೂ ತಪ್ಪು ಹುಡುಕುವಂತಿರಲಿಲ್ಲ. ಶ್ರಾವಣ ಮುಗಿದ ಮೇಲೆ ಆ ಹುಡುಗಿಯ ಮಾತು.

ವಿಜಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಹೊಸ ಸೀರೆಯ ಹೆಣ್ಣುಮಕ್ಕಳು, ಅವರ ಗಂಟು ಹಿಡಿದ ಅಣ್ಣತಮ್ಮಂದಿರು. ಅಣ್ಣ ಇಂಡಿ ಬಸ್ಸಿಗೆ ಟಾವೆಲ್ ಹಾಕಿ ಸೀಟು ಹಿಡಿದ. ನಾನು ಪಕ್ಕದಲ್ಲಿ ನಿಂತಿದ್ದ ಸಿಂದಗಿ ಬಸ್ಸು ಹತ್ತಿದೆ.

ಅಣ್ಣ ಕಿಟಕಿಯ ಹತ್ತಿರ ಓಡಿ ಬಂದ. "ಏ ನೀಲಾ, ಅದು ಸಿಂದಗಿ ಗಾಡಿ. ಇಳಿ."

"ನನಗ ಓದಾಕ ಬರ್ತೈತಿ ಅಣ್ಣಾ."

"ಪಂಚಮಿಗೆ ಯಾರರೆ ಗಂಡನ ಮನಿಗೆ ಹೋಗ್ತಾರೇನು? ಮಂದಿ ನಗ್ತಾರ."

"ನಗಲಿ. ಈಗ ಇಂಡಿಗೆ ಬಂದೆ ಅಂದ್ರ ನಾ ಅಲ್ಲೇ ಮುದುಕಿ ಆಗ್ತೇನಿ."

ಬಸ್ಸು ಹೊರಡುವ ಮುನ್ನ ತಾಯಿ ಕೊಟ್ಟಿದ್ದ ಶೇಂಗಾ ಉಂಡಿಯ ಡಬ್ಬಿಯನ್ನು ಕಿಟಕಿಯೊಳಗಿಂದ ಕೊಟ್ಟ. ತನ್ನ ತಂಗಿ ಮಾಡುತ್ತಿರುವುದು ಸರಿ ಎಂದು ಬಾಯಿಬಿಟ್ಟು ಹೇಳುವ ಧೈರ್ಯ ಅವನಿಗಿರಲಿಲ್ಲ, ಡಬ್ಬಿ ಕೊಟ್ಟದ್ದೇ ಅವನ ಮಾತು.

ಸಿಂದಗಿ ಮನೆಯ ಹೊಸ್ತಿಲು ದಾಟಿದಾಗ ಮನೆ ತುಂಬಿತ್ತು. ನಾದಿನಿಯರಿಬ್ಬರೂ ತಮ್ಮ ತವರಿಗೆ ಬಂದಿದ್ದರು. ಡಾಕ್ಟರ ಚೀಟಿ ತೆಗೆದು ಅತ್ತೆಯ ಮುಂದೆ ಹಿಡಿದೆ.

"ಕಾಗದಕ್ಕ ಏನ್ ಗೊತ್ತ?" ಅಂದರು ಅತ್ತೆ. ಹೊರಗೆ ಹೋಗೆಂದು ಹೇಳಲಿಲ್ಲ, ಹಬ್ಬದ ದಿನ ಮನೆಯ ಸೊಸೆಯನ್ನು ಅಟ್ಟಿದರೆಂದು ಓಣಿ ಮಾತಾಡಿಕೊಳ್ಳುತ್ತದೆ. ಗೂಡಿನಲ್ಲಿದ್ದ ಗೀಟಿನ ತಾಟು ತೆಗೆದು, ಅದರಲ್ಲಿ ಕಡುಬು ನೀಡಿ, ಪಡಸಾಲೆಯ ಮೂಲೆಗೆ ದೂಡಿದರು. ಇವರು ಅಂಗಡಿಯಿಂದ ಬಂದು ನನ್ನನ್ನು ಕಂಡು, ನಕ್ಕ ಹಾಗೆ ಮಾಡಿ, ಅವ್ವನ ಮುಖ ನೋಡಿ ಒಳಗೆ ಹೋದರು. ನಾನು ಆ ಮೂಲೆಯಲ್ಲಿ ಕೂತು ಒಂದು ಅಗುಳೂ ಬಿಡದೆ ಉಂಡೆ. ಬಿಟ್ಟರೆ ಹಸಿವಿಲ್ಲದ ರೋಗಿಷ್ಠೆ ಅನ್ನುತ್ತಿದ್ದರು.

ಊಟವಾದ ಮೇಲೆ ಪಡಸಾಲೆಯಲ್ಲೇ ಆಟ ಹೂಡಿದರು. ಕವಡೆ ಬಾವಿಯಲ್ಲಿದ್ದವಲ್ಲ, ಹುಣಸೆ ಬೀಜ ಸೀಳಿ ಚೆಲ್ಲುತ್ತಿದ್ದರು. ಅವು ಸರಿಯಾಗಿ ಹೊರಳುತ್ತಿರಲಿಲ್ಲ, ಬಿದ್ದದ್ದು ಎರಡೋ ಮೂರೋ ಎಂದು ಪ್ರತಿ ಸಲ ಜಗಳ. ಅತ್ತೆಯ ಸಹನೆ ಕೆಡುತ್ತಿರುವುದು ನನಗೆ ಮೂಲೆಯಿಂದಲೇ ಕಾಣುತ್ತಿತ್ತು. ಸೆರಗಿನ ಗಂಟು ಬಿಚ್ಚಿ ನಾಲ್ಕೂ ಕವಡೆ ನೆಲದ ಮೇಲೆ ಇಟ್ಟೆ. ಗಂಗಕ್ಕನ ಕವಡೆ ಹಾಲಿನಂತೆ ಬೆಳ್ಳಗಿದ್ದವು.

ಅತ್ತೆ ಓರೆಗಣ್ಣಿನಿಂದ ನೋಡಿದರು. "ದವಾಖಾನಿವೇನು?"

"ಹೌದ್ರಿ ಅತ್ತಿ. ಎಂಟೊಂಬತ್ತು ತಿಂಗಳು ದಿನಾ ಡೆಟಾಲಿನ್ಯಾಗ ತೊಳದದ್ದು. ಈ ಮನ್ಯಾಗ ಇದಕ್ಕಿಂತ ಸ್ವಚ್ಛ ಏನೂ ಇಲ್ಲ."

ಯಾರೂ ಮುಟ್ಟಲಿಲ್ಲ. ನಾಲ್ಕನೆಯ ಕೈ ಖಾಲಿ ಇತ್ತು, ಸರಿದು ಹೋಗಿ ಅಲ್ಲಿ ಕೂತೆ, ಕವಡೆ ಚೆಲ್ಲಿದೆ. ಬಾರಾ ಬಿತ್ತು, ಎಂಟು ಮನೆ. ಬೇಕೆಂದೇ ತಪ್ಪು ಕಾಯಿ ನಡೆಸಿದೆ. ಹೊಡೆಯಬಹುದಾದ ಕಾಯಿಯನ್ನು ಬಿಟ್ಟು, ಸುಮ್ಮನೆ ಇರಬೇಕಾದ ಕಾಯಿಯನ್ನು ಎತ್ತಿದೆ. ನಮ್ಮ ಅತ್ತೆ ಏನನ್ನಾದರೂ ಸಹಿಸಿಯಾರು, ದಡ್ಡ ಆಟವನ್ನು ಸಹಿಸರು. ಎರಡನೆಯ ಸಲವೂ ಹಾಗೇ ಮಾಡಿದೆ. ಮೂರನೆಯ ಸಲ ಅವರ ಕೈ ತಾನಾಗಿ ಬಂತು.

"ಕೊಡ ಇಲ್ಲಿ. ಮಣ್ಣಾಡಾಕತ್ತಿ ನೀ," ಎಂದು ನನ್ನ ಅಂಗೈಯಿಂದಲೇ ಕವಡೆ ಕಸಿದುಕೊಂಡು ಚೆಲ್ಲಿದರು. ಚೆಲ್ಲಿದ ಮೇಲೆ ತಾವೇನು ಮಾಡಿದೆವೆಂದು ಹೊಳೆದಿರಬೇಕು, ಕೈಯನ್ನು ಒಂದು ಗಳಿಗೆ ಹಾಗೇ ಹಿಡಿದುಕೊಂಡರು. ಆದರೆ ಚೌಕಾ ಬಿದ್ದಿತ್ತು, ಇನ್ನೊಂದು ಸಲ ಚೆಲ್ಲುವ ಹಕ್ಕಿತ್ತು. ಚೆಲ್ಲಿದರು. ಆಮೇಲೆ ನಾನು ನಿಜವಾದ ಆಟ ಆಡಿದೆ. ಒಂದು ಸಲ ಅವರ ಕಾಯಿ ಹೊಡೆಯಲು ಕೈ ಚಾಚಿದಾಗ ನನ್ನ ಕೈಯ ಮೇಲೆ ಪಟ್ಟನೆ ಹೊಡೆದರು.

"ಕಣ್ಣಿಲ್ಲೇನು? ಗೀಟಿನ ಮನ್ಯಾಗ ಕುಂತೈತಿ. ಹೊಡ್ಯಾಕ ಬರೂದಿಲ್ಲ."

ಆ ಏಟು ಎಷ್ಟು ಚೆಂದ ಅನ್ನಿಸಿತೆಂದರೆ ಅಲ್ಲೇ ಅತ್ತುಬಿಡುತ್ತಿದ್ದೆ. ಆಟ ಅವರೇ ಗೆದ್ದರು. ಗೆದ್ದವರು ಎದ್ದು ಹೋಗಿ ಹಿತ್ತಲಿನಲ್ಲಿ ಸೀಗೆಪುಡಿ ಹಾಕಿ ಕೈ ತೊಳೆದುಕೊಂಡರು, ಅದೂ ನನಗೆ ಕಾಣಿಸಿತು. ಸಂಜೆ ಕೂಡ ನನ್ನ ಊಟ ಅದೇ ಗೀಟಿನ ತಾಟಿನಲ್ಲಿ, ಅದೇ ಮೂಲೆಯಲ್ಲಿ.

ಮರುದಿನ ಎಲ್ಲರೂ ಓಣಿಯ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ಆಡಲು ಹೋದರು. ನಾನೊಬ್ಬಳೇ ಉಳಿದೆ. ಇವರ ಸಾಮಾನಿನ ಪೆಟ್ಟಿಗೆಯಿಂದ ಒಂದು ಮೊಳೆ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಮನೆಯಲ್ಲಿ ಇದ್ದ ಎಲ್ಲ ತಾಟು, ಎಲ್ಲ ಲೋಟ ಇಳಿಸಿ, ಒಂದೊಂದರ ಅಂಚಿಗೂ ಅಡ್ಡಗೀಟು ಹಾಕಿದೆ, ಅತ್ತೆ ಹಾಕಿದ್ದ ಅಳತೆಯಲ್ಲೇ. ಆಮೇಲೆ ಗೂಡಿನಲ್ಲಿದ್ದ ನನ್ನ ತಾಟನ್ನೂ ಲೋಟವನ್ನೂ ತಂದು ಅವುಗಳ ಜೊತೆ ಹಾಕಿ, ಹುಣಸೆಹಣ್ಣು ಬೂದಿ ಹಚ್ಚಿ ಎಲ್ಲವನ್ನೂ ತಿಕ್ಕಿ ಬೆಳಗಿ ಬೋರಲು ಹಾಕಿದೆ. ತಲೆ ತಿರುಗುತ್ತಿತ್ತು, ಎರಡು ಸಲ ಗೋಡೆ ಹಿಡಿದುಕೊಂಡು ಕೂತೆ, ಕೆಲಸ ಬಿಡಲಿಲ್ಲ.

ಊಟಕ್ಕೆ ಕೂತಾಗ ಅತ್ತೆ ಗೂಡು ನೋಡಿದರು. ಖಾಲಿ. ತಾಟಿನ ರಾಶಿಯಿಂದ ಒಂದನ್ನು ಎತ್ತಿದರು, ಅಂಚಿನಲ್ಲಿ ಗೀಟು. ಇನ್ನೊಂದನ್ನು ಎತ್ತಿದರು. ಮತ್ತೊಂದು.

"ಇದರಾಗ ನಿಂದು ಯಾವುದು?"

"ಗುರ್ತ ಸಿಗವಲ್ದ್ರಿ ಅತ್ತಿ."

"ಎಲ್ಲಾದಕ್ಕೂ ಯಾರ ಹಾಕಿದ್ರು ಇದನ್ನ?"

"ನಾನ ಹಾಕೀನ್ರಿ. ಗೀಟಿನ ಮನ್ಯಾಗ ಕುಂತವರನ್ನ ಹೊಡ್ಯಾಕ ಬರೂದಿಲ್ಲ ಅಂತ ನಿನ್ನೆ ನೀವ ಹೇಳಿದ್ರಿ. ಮನಿ ಮಂದಿ ಎಲ್ಲಾರೂ ಅದರಾಗ ಕುಂಡ್ರಲಿ ಅಂತ ಹಾಕಿದೆ. ನಿಮ್ಮ ಸೊಸಿನೂ."

ಇವರು ಗೋಡೆಗೆ ಒರಗಿ ಕೂತಿದ್ದವರು ಎದ್ದು ಬಂದು, ರಾಶಿಯ ಮೇಲಿನ ತಾಟು ತೆಗೆದುಕೊಂಡು ನನ್ನ ಪಕ್ಕದಲ್ಲಿ ಕೂತರು. "ನನಗ ನೀಡವ್ವ, ಹಸಿವಿ ಆಗೈತಿ," ಅಂದರು. ಅಷ್ಟು ವರ್ಷದ ಸಂಸಾರದಲ್ಲಿ ಅವರು ತೋರಿಸಿದ ಧೈರ್ಯ ಒಂದು ತಾಟಿನಷ್ಟು. ಆ ದಿನದ ಮಟ್ಟಿಗೆ ಸಾಕಾಯಿತು, ಉಳಿದದ್ದನ್ನು ಮುಂದೆ ವಸೂಲಿ ಮಾಡಿಕೊಂಡೆ.

ಅತ್ತೆ ಒಂದು ತಾಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಡಾಕ್ಟರು ನನ್ನ ಎದೆಯ ಫೋಟೋ ನೋಡಿದ ಹಾಗೆ. ತಮ್ಮ ಗೀಟು ಯಾವುದು, ನನ್ನ ಗೀಟು ಯಾವುದು, ಅವರಿಗೂ ತಿಳಿಯಲಿಲ್ಲ. ಕೊನೆಗೆ ಅದನ್ನೇ ಮುಂದೆ ಇಟ್ಟುಕೊಂಡು ಕೂತರು.

"ನೀಡು," ಅಂದರು ನನಗೆ.

ನೀಡಿದೆ. ಮೊದಲ ತುತ್ತು ಬಾಯಿಗೆ ಹೋಗುವವರೆಗೆ ನೀಡುವ ಸೌಟು ಕೆಳಗಿಡಲಿಲ್ಲ. ಅವರು ಅಗಿದರು, ನುಂಗಿದರು. ಇನ್ನೊಂದು ತುತ್ತು ಕಲಸುತ್ತ, ತಲೆ ಎತ್ತದೆ ಮಗನಿಗೆ ಹೇಳಿದರು, "ನಾಳೆ ಹೋಗಿ ಆ ಹುಡಿಗಿ ಮನಿಯವ್ರಿಗೆ ಬ್ಯಾಡ ಅಂತ ಹೇಳಿ ಬಾ." ಆಮೇಲೆ ನನ್ನ ಕಡೆ ತಿರುಗಿದರು. "ಕವಡಿ ಎಲ್ಲಿ ಇಟ್ಟಿ?"

"ಸೆರಗಿನ್ಯಾಗ ಅದಾವ್ರಿ."

"ಮೊದಲ ನಿನ್ನ ಗುಳಿಗಿ ನುಂಗು. ಆಮ್ಯಾಲ ಹೂಡು."